ಆಟಿಸಂ ಇರುವ ಪುಟ್ಟ ಮಗುವಿಗೆ ಹಲ್ಲುಜ್ಜುವುದನ್ನು ರೂಢಿಸುವ ಬಗೆ

ಬ್ರಷ್ ಕಂಡೊಡನೆ ಬಾಯಿ ಬಿಗಿಹಿಡಿದು ಓಡುವ ಮಗುವನ್ನು ಹಟಮಾರಿ ಎಂದು ಗದರುವ ಮುನ್ನ, ಅದರ ಬಾಯಿಗೆ ಏನು ಅನ್ನಿಸುತ್ತಿರಬಹುದೆಂದು ಯೋಚಿಸಬೇಕು. ಆಟಿಸಂ ಇರುವ ಅನೇಕ ಮಕ್ಕಳಿಗೆ ಸ್ಪರ್ಶ, ರುಚಿ, ವಾಸನೆ, ಸದ್ದುಗಳು ಉಳಿದವರಿಗಿಂತ ತೀವ್ರವಾಗಿ ತಟ್ಟುತ್ತವೆ. ನಮಗೆ ತಂಪೆನಿಸುವ ಪುದೀನ ರುಚಿಯ ಪೇಸ್ಟ್ ಅವರಿಗೆ ಉರಿಯಾಗಬಹುದು, ನೊರೆ ತುಂಬಿಕೊಂಡಾಗ ಓಕರಿಕೆ ಬರಬಹುದು, ಬ್ರಷ್ಷಿನ ಎಳೆಗಳು ಒಸಡಿಗೆ ಮುಳ್ಳಿನಂತೆ ಚುಚ್ಚಬಹುದು. ಇವುಗಳಲ್ಲಿ ಯಾವುದು ಕಾಡುತ್ತಿದೆ ಎಂದು ಪತ್ತೆಹಚ್ಚಲು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ: ಕೆಲವು ದಿನ ಪೇಸ್ಟ್ ಇಲ್ಲದೆ ಬರೀ ಒದ್ದೆ ಬ್ರಷ್, ಆಮೇಲೆ ಇನ್ನೂ ಮೃದುವಾದ ಬ್ರಷ್, ಬೇಕಿದ್ದರೆ ಬಚ್ಚಲುಮನೆ ಬಿಟ್ಟು ಬೇರೆ ಕೋಣೆ. ಬಚ್ಚಲಿನ ಪ್ರತಿಧ್ವನಿಯೇ ಕೆಲವು ಮಕ್ಕಳನ್ನು ಕಂಗೆಡಿಸುತ್ತದೆ, ಹಲ್ಲನ್ನು ಅಲ್ಲಿಯೇ ಉಜ್ಜಬೇಕೆಂಬ ನಿಯಮವೇನೂ ಇಲ್ಲ.

ರುಚಿಯಿಲ್ಲದ, ನೊರೆ ಬಾರದ ಫ್ಲೋರೈಡ್ ಪೇಸ್ಟ್‌ಗಳು ಸಿಗುತ್ತವೆ. ಸೋಡಿಯಂ ಲಾರಿಲ್ ಸಲ್ಫೇಟ್ ಸೇರಿಸದವುಗಳಲ್ಲಿ ನೊರೆ ಕಡಿಮೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು. ಪೇಸ್ಟನ್ನು ಸದ್ಯಕ್ಕೆ ಒಪ್ಪದಿದ್ದರೆ ಬರೀ ಬ್ರಷ್‌ನಿಂದಲೇ ಉಜ್ಜಿ, ಹುಳುಕು ತಡೆಯಲು ಹಲ್ಲಿಗೆ ಬಳಿಯುವ ಲೇಪವಾದ ಫ್ಲೋರೈಡ್ ವಾರ್ನಿಷ್ ಹಚ್ಚಿಸುವ ಬಗ್ಗೆ ದಂತವೈದ್ಯರನ್ನು ಕೇಳಿ.

ರೂಢಿ ಮಾಡಿಸುವುದು ಬಾಯಿಯಿಂದ ದೂರದಲ್ಲಿ ಆರಂಭವಾಗಲಿ. ಮೊದಲು ಮಗು ಬ್ರಷ್ ಹಿಡಿದು ಆಡಲಿ, ಗೊಂಬೆಗೆ ಉಜ್ಜಲಿ. ಆಮೇಲೆ ಅಂಗೈ, ಕೆನ್ನೆ, ತುಟಿ, ಕೊನೆಗೆ ಮುಂದಿನ ಹಲ್ಲು. ಒಂದು ಹಂತದಲ್ಲಿ ಮಗು ನಿರಾಳವಾಗುವವರೆಗೆ ಮುಂದಿನದಕ್ಕೆ ಹೋಗಬಾರದು, ಅದಕ್ಕೆ ಎರಡು ದಿನವೇ ಹಿಡಿಯಲಿ, ಮೂರು ವಾರವೇ ಹಿಡಿಯಲಿ. ಯಾವಾಗ ಮುಗಿಯುತ್ತದೆ ಎಂದು ತಿಳಿಯದಿರುವುದು ಈ ಮಕ್ಕಳಲ್ಲಿ ಅನೇಕರಿಗೆ ಬ್ರಷ್‌ಗಿಂತ ದೊಡ್ಡ ಸಂಕಟವಾಗಬಹುದು. ಆದ್ದರಿಂದ ಹಲ್ಲಿಗೆ ಬ್ರಷ್ ತಾಗಿಸಿ ‘ಒಂದು, ಎರಡು, ಮೂರು’ ಎಂದು ಒಂದೇ ಲಯದಲ್ಲಿ ಎಣಿಸಿ, ಮೂರಕ್ಕೆ ಸರಿಯಾಗಿ ಹೊರತೆಗೆಯಿರಿ. ಬಾಯಿ ತೆರೆದೇ ಇದೆಯಲ್ಲ ಎಂದು ಆಸೆಪಟ್ಟು ಇನ್ನೆರಡು ಸಲ ತಿಕ್ಕಿದಿರೋ, ಮರುದಿನ ನಿಮ್ಮ ಎಣಿಕೆಯನ್ನು ಮಗು ನಂಬುವುದಿಲ್ಲ. ಮೂರು ಎಣಿಕೆ ಸಲೀಸಾದ ಮೇಲೆ ಅದನ್ನು ಐದಕ್ಕೆ, ಹತ್ತಕ್ಕೆ ಬೆಳೆಸುತ್ತ, ದಿನಕ್ಕೆ ಎರಡು ಬಾರಿ, ಎರಡೆರಡು ನಿಮಿಷದ ಕಡೆಗೆ ಸಾಗಬಹುದು. ಮಾತಿಗಿಂತ ಚಿತ್ರ ಬೇಗ ಅರ್ಥವಾಗುವ ಮಗುವಿಗೆ ಬ್ರಷ್ ಹಿಡಿ, ಉಜ್ಜು, ಉಗುಳು, ಆಟ ಎಂಬ ನಾಲ್ಕು ಚಿತ್ರಗಳನ್ನು ಕನ್ನಡಿಯ ಪಕ್ಕ ಅಂಟಿಸಿ. ಬಹುಮಾನವಾಗಿ ಸಿಹಿತಿಂಡಿ ಮಾತ್ರ ಬೇಡ.

ನೀವು ಮಗುವಿನ ಹಿಂದೆ ಕುಳಿತು, ಅದರ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡರೆ ಕೈಗೆ ಹಿಡಿತ ಸಿಗುತ್ತದೆ, ಎದುರಿನಿಂದ ಏನೋ ಮೇಲೆರಗಿ ಬಂದಂತೆಯೂ ಆಗುವುದಿಲ್ಲ. ಹಲ್ಲಿನ ಮೂರೂ ಬದಿಗೆ ಒಮ್ಮೆಲೇ ತಾಗುವ ಬ್ರಷ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ. ವಿದ್ಯುತ್ ಬ್ರಷ್ಷಿನ ಕಂಪನ ಕೆಲವರಿಗೆ ಬಹಳ ಹಿತ, ಕೆಲವರಿಗೆ ಹಿಂಸೆ. ಮೊದಲು ಅಂಗೈಗೆ ತಾಗಿಸಿ ನೋಡಿ.

ಕೈಕಾಲು ಹಿಡಿದು ಬಲವಂತವಾಗಿ ಉಜ್ಜುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಂದಿನ ಹಲ್ಲು ಶುಚಿಯಾದರೂ ಮುಂದಿನ ಎಷ್ಟೋ ದಿನಗಳ ಭಯವನ್ನು ಅದು ಬಿತ್ತುತ್ತದೆ. ಇಷ್ಟು ದಿನ ಸುಮ್ಮನಿದ್ದ ಮಗು ಹಠಾತ್ತನೆ ಪ್ರತಿಭಟಿಸತೊಡಗಿದರೆ ಮೊದಲು ನೋವನ್ನು ಶಂಕಿಸಿ. ಮಾತು ಬಾರದ ಮಗು ಕೆನ್ನೆ ಬಡಿದುಕೊಳ್ಳುವುದು, ಒಂದೇ ಬದಿಯಲ್ಲಿ ಅಗಿಯುವುದು, ತಣ್ಣನೆಯದನ್ನು ದೂರ ತಳ್ಳುವುದು, ರಾತ್ರಿ ಎದ್ದು ಅಳುವುದು ಹುಳುಕಿನ ಸೂಚನೆ ಆಗಿರಬಹುದು.

ದಂತವೈದ್ಯರ ಮೊದಲ ಭೇಟಿ ಮೊದಲ ಹಲ್ಲು ಮೂಡಿದಾಗ, ತಡವೆಂದರೆ ಒಂದು ವರ್ಷ ತುಂಬುವಷ್ಟರಲ್ಲಿ ಆಗುವುದು ಒಳ್ಳೆಯದು. ಸಾಧ್ಯವಿದ್ದರೆ ಮಕ್ಕಳ ದಂತವೈದ್ಯರನ್ನೇ ಆರಿಸಿ, ಮುಂಚಿತವಾಗಿ ಫೋನ್ ಮಾಡಿ ಮಗುವಿನ ಸ್ವಭಾವವನ್ನು ತಿಳಿಸಿ, ಕಾಯುವ ಪಾಡು ತಪ್ಪುವಂತೆ ದಿನದ ಮೊದಲ ಸಮಯವನ್ನೇ ಕೇಳಿ. ದೀಪದ ಬೆಳಕಿಗೆ ಕಪ್ಪು ಕನ್ನಡಕ, ಯಂತ್ರದ ಸದ್ದಿಗೆ ಹೆಡ್‌ಫೋನ್ ಜೊತೆಗಿರಲಿ. ಕುಳಿತ ಮೇಲೆ ಕುರ್ಚಿ ಹಿಂದಕ್ಕೆ ವಾಲಿದರೆ ಬಿದ್ದಂತೆ ಹೆದರುವ ಮಕ್ಕಳಿದ್ದಾರೆ, ಅದನ್ನು ಮೊದಲೇ ವಾಲಿಸಿಟ್ಟು ಆಮೇಲೆ ಮಗುವನ್ನು ಹತ್ತಿಸಲು ವೈದ್ಯರಿಗೆ ಹೇಳಬಹುದು. ಪ್ರತಿ ಉಪಕರಣವನ್ನೂ ಮೊದಲು ಹೇಳಿ, ತೋರಿಸಿ, ಬಳಿಕವೇ ಬಳಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ. ಹುಳುಕು ಕಂಡರೂ ಡ್ರಿಲ್ ಒಂದೇ ದಾರಿಯಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕು ಹರಡದಂತೆ ತಡೆಯಲು ಅನೇಕ ಸಲ ಸಾಧ್ಯವಿದೆ, ಆದರೆ ಹಚ್ಚಿದ ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ ಎಂಬುದನ್ನು ತಿಳಿದೇ ಒಪ್ಪಿಗೆ ಕೊಡಿ.