ಗಿಟಾರ್ ಕಲಿಯೋಕೆ ಮೊದಲು ಕಾಯಿ ತುರಿಯೋದು ಬಿಡಿ

44ನೇ ವಯಸ್ಸಿಗೆ ಕ್ಲಾಸಿಕಲ್ ಗಿಟಾರ್, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಿಟಾರ್, ಹಿಡಿದವಳು ನಾನು. ಚಿಕ್ಕಂದಿನಲ್ಲಿ ಸರಳೆ, ಜಂಟಿ ಹಾಡಿದ್ದೇ ನನ್ನ ಬಂಡವಾಳ. ಈಗ ಯಾರಾದರೂ ಹೇಗೆ ಶುರು ಮಾಡಲಿ ಅಂತ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಮೊದಲ ತಿಂಗಳು ಎಡಗೈಯನ್ನು ಮರೆತುಬಿಡಿ.

ಗಿಟಾರ್ ಕೊಳ್ಳುವಾಗ ನೈಲಾನ್ ತಂತಿಯದನ್ನೇ ಕೇಳಿ. ಅಂಗಡಿಯವರು ನನಗೆ ಸ್ಟೀಲ್ ತಂತಿಯದು ತೋರಿಸಿ 'ಎಲ್ಲಾ ಒಂದೇ ಮೇಡಂ' ಅಂದಿದ್ದರು. ಒಂದೇ ಅಲ್ಲ. ಕ್ಲಾಸಿಕಲ್‌ನಲ್ಲಿ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಅಗಲ; ಮೇಲ್ತುದಿಯಲ್ಲಿ ಸುಮಾರು 52 ಮಿ.ಮೀ. ಇರುತ್ತದೆ. ಅದಕ್ಕೆ ಆಮೇಲೆ ಸ್ಟೀಲ್ ತಂತಿ ಹಾಕಿಸಲೂಬೇಡಿ. ಎಳೆತ ತಡೆಯದೆ ಬ್ರಿಡ್ಜ್ (ಒಡಲ ಮೇಲೆ ತಂತಿ ಕಟ್ಟುವ ಪಟ್ಟಿ) ಕಿತ್ತು ಬರಬಹುದು.

ಕೈಯಿಲ್ಲದ ಕುರ್ಚಿಯ ಅಂಚಿನಲ್ಲಿ ಕೂತು ಎಡಗಾಲನ್ನು ಸುಮಾರು 15 ಸೆಂ.ಮೀ. ಎತ್ತರಕ್ಕಿಡಿ. ಗಿಟಾರಿನ ಸೊಂಟ ಎಡತೊಡೆಯ ಮೇಲೆ ಬರಬೇಕು. ಅದಕ್ಕೆಂದೇ ಸ್ಟೂಲ್ ಸಿಗುತ್ತದೆ. ನಾನು ಊಟದ ಮಣೆ ಎರಡನ್ನು ಪೇರಿಸಿ, ಮೇಲೊಂದು ಹಳೇ ಡೈರಿ ಇಟ್ಟುಕೊಂಡೆ.

ಇನ್ನು ಉಗುರು. ಎಡಗೈಯದು ಪೂರ್ತಿ ಕತ್ತರಿಸಿ. ಬಲಗೈಯದು ಅಂಗೈ ಕಡೆಯಿಂದ ನೋಡಿದರೆ ಒಂದೆರಡು ಮಿ.ಮೀ. ಕಾಣುವಷ್ಟು ಇರಲಿ. ಫೈಲ್‌ನಿಂದ ಉಜ್ಜಿದ ಮೇಲೆ ಹಾರ್ಡ್‌ವೇರ್ ಅಂಗಡಿಯ ತೀರಾ ನಯವಾದ ಎಮರಿ ಪೇಪರ್‌ನಲ್ಲಿ ಅಂಚು ತೀಡಿ. ಸ್ವಲ್ಪ ಒರಟಿದ್ದರೂ ತಂತಿ ಕರಕರ ಅನ್ನುತ್ತದೆ. ಮೂರು ವಾರ ಬೆಳೆಸಿದ ತೋರುಬೆರಳಿನ ಉಗುರು ಒಂದು ಭಾನುವಾರ ಕಾಯಿ ತುರಿಯುವಾಗ ಚಟ್ಟಂತ ಹೋಯಿತು. ಅಂದಿನಿಂದ ತುರಿಯುವ ಕೆಲಸ ನಮ್ಮನೆಯವರದು. ಪರವಾಗಿಲ್ಲ, ಚೆನ್ನಾಗಿಯೇ ತುರಿಯುತ್ತಾರೆ.

ಈಗ ಬಲಗೈ. ಕೆಳಗಿನ ಮೂರು ತಂತಿಗಳ ಮೇಲೆ ತೋರುಬೆರಳು, ನಡುಬೆರಳು, ಉಂಗುರಬೆರಳು ಇಡಿ. ಮೇಲಿನ ಮೂರು ತಂತಿಗಳು ಹೆಬ್ಬೆರಳಿಗೆ. ತಂತಿಯನ್ನು ಮೇಲಕ್ಕೆ ಕೀಳಬೇಡಿ. ತುಸು ಒಳಕ್ಕೆ ಒತ್ತಿ ಬಿಟ್ಟು, ಬೆರಳು ಅಂಗೈ ಕಡೆಗೆ ಹೋಗಲಿ. ಬೆರಳು ಅಲ್ಲಾಡಬೇಕಾದದ್ದು ಬುಡದ ಗೆಣ್ಣಿನಿಂದ. ಆಮೇಲೆ ಒಂದೇ ತಂತಿಯನ್ನು ತೋರುಬೆರಳು, ನಡುಬೆರಳಿಂದ ಒಂದಾದ ಮೇಲೊಂದು ಮೀಟಿ, ವೀಣೆಯಲ್ಲಿ ಮೀಟುವಂತೆ. ಸುಸ್ತಾದಾಗ ಒಂದೇ ಬೆರಳು ಎರಡು ಸಲ ಬಂದುಬಿಡುತ್ತದೆ, ನೋಡಿಕೊಳ್ಳಿ. ಲಯ ಹಿಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು, ಸರಳೆಯಂತೆ ಮೂರು ಕಾಲದಲ್ಲಿ ನುಡಿಸಿ: ಬಡಿತಕ್ಕೆ ಒಂದು, ಆಮೇಲೆ ಎರಡು, ಆಮೇಲೆ ನಾಲ್ಕು. ನನಗೆ ನಾಲ್ಕು ಬರಲು ಐದು ವಾರ ಹಿಡಿಯಿತು. ದಿನಕ್ಕೆ 20 ನಿಮಿಷ ಸಾಕು. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂತರೆ ಮಣಿಕಟ್ಟು ನೋಯುತ್ತದೆ ಅಷ್ಟೇ.

ಎರಡನೇ ತಿಂಗಳು ಎಡಗೈ ತನ್ನಿ. ಬೆರಳನ್ನು ನೆಕ್ ಮೇಲಿನ ಅಡ್ಡ ಕಂಬಿಯ (ಫ್ರೆಟ್) ಹಿಂದೆಯೇ, ಅಂದರೆ ಮೇಲ್ತುದಿಯ ಕಡೆ, ಅದಕ್ಕೆ ಹತ್ತಿರದಲ್ಲಿ ಇಡಿ. ಬರೀ ಮುಟ್ಟಿ ಮೀಟಿದರೆ ಡಬ್ ಅನ್ನುತ್ತದೆ, ಸ್ವಲ್ಪ ಒತ್ತಿದರೆ ಜಿರ್ ಅನ್ನುತ್ತದೆ. ಇನ್ನೂ ತುಸು ಒತ್ತಿದಾಗ ನಾದ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಒತ್ತಿದ್ದೆಲ್ಲ ಸುಮ್ನೆ ನೋವು.

ಆಮೇಲೆ ಇಟಲಿಯ ಗಿಟಾರ್ ವಾದಕ ಮೌರೊ ಜೂಲಿಯಾನಿ 1812ರಲ್ಲಿ ಪ್ರಕಟಿಸಿದ 120 ಬಲಗೈ ಪಾಠಗಳನ್ನು ಹಿಡಿಯಿರಿ. ಎಡಗೈಗೆ ಎರಡೇ ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು), ಸಿ ಮತ್ತು ಜಿ ಸೆವೆನ್. ಉಳಿದದ್ದೆಲ್ಲ ಬಲಗೈಯ ಆಟ. ನಾನು ಹನ್ನೊಂದನೆಯದರಲ್ಲಿದ್ದೇನೆ.

ಹೊಸ ನೈಲಾನ್ ತಂತಿ ಹಲವು ದಿನ ಹಿಗ್ಗುತ್ತಲೇ ಇರುತ್ತದೆ. ಐದು ನಿಮಿಷಕ್ಕೆ ಶ್ರುತಿ ಇಳಿದರೆ ಗಿಟಾರ್ ಕೆಟ್ಟಿದೆ ಅಂತ ನನ್ನ ಹಾಗೆ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ.