ಹಳೇ ಶೆವರ್ಲೆ 3100ಕ್ಕೆ ಎಸ್-10 ಚಾಸಿ: ಮೊದಲು ಕಾಗದಪತ್ರ, ಆಮೇಲೆ ಗ್ರೈಂಡರ್

1947ರಿಂದ 1955ರ ಆರಂಭದವರೆಗೆ ಶೆವರ್ಲೆ ತಯಾರಿಸಿದ ‘ಅಡ್ವಾನ್ಸ್ ಡಿಸೈನ್’ ಪಿಕಪ್‌ಗಳು ಅಮೆರಿಕದ ಹಳ್ಳಿಗಾಡಿನ ಕೊಟ್ಟಿಗೆಗಳಲ್ಲಿ ಇವತ್ತಿಗೂ ಸಿಗುತ್ತವೆ. ಅರ್ಧ ಟನ್ನಿನ 3100 ಮಾದರಿಯ ಕ್ಯಾಬ್ (ಚಾಲಕ ಕೂರುವ ಭಾಗ) ನೋಡಲು ಚೆಂದ, ಆದರೆ ಅದರ ಕೆಳಗಿರುವುದು ಈಗಿನ ಹೈವೇಗೆ ಒಗ್ಗುವುದಿಲ್ಲ. ಬ್ರೇಕ್ ಒಂದೇ ಸರ್ಕ್ಯೂಟಿನದು, ಒಂದು ಕಡೆ ಪೈಪ್ ಸೋರಿದರೆ ನಾಲ್ಕೂ ಚಕ್ರದ್ದು ಹೋಯಿತು. 216 ಘನ ಇಂಚಿನ ಎಂಜಿನ್ನಿಗೆ ಬ್ಯಾಬಿಟ್ ಬೇರಿಂಗ್, ಹಿಂದೆ 4.11 ಅನುಪಾತದ ಆಕ್ಸಲ್. ಗಂಟೆಗೆ 50 ಮೈಲಿ ದಾಟಿದರೆ ಗಾಡಿ ಗೋಳಾಡುತ್ತದೆ. ಹಾಗಾಗಿ ಕ್ಯಾಬನ್ನು ಎತ್ತಿ ಅದೇ ಕಂಪನಿಯ ಎಸ್-10 ಪಿಕಪ್ಪಿನ (1982–2004) ಚಾಸಿಯ ಮೇಲೆ ಕೂರಿಸುವ ರೂಢಿ ಬೆಳೆದಿದೆ. ಪವರ್ ಸ್ಟೀರಿಂಗ್, ಮುಂದೆ ಡಿಸ್ಕ್ ಬ್ರೇಕ್, ಓವರ್‌ಡ್ರೈವ್ ಗೇರ್‌ಬಾಕ್ಸ್ ಎಲ್ಲವೂ ಒಂದೇ ಏಟಿಗೆ ಬರುತ್ತವೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ಭಾರತದಲ್ಲಿ, ನಮ್ಮ ಊರಿನಲ್ಲಿರುವ ಹಳೇ ಗಾಡಿಗೆ ಇದನ್ನು ಮಾಡಲು ಹೋಗಬೇಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. 2021ರ ವಿಂಟೇಜ್ ನಿಯಮದಡಿ ‘ವಿಎ’ (ವಿಂಟೇಜ್ ವಾಹನದ) ನಂಬರ್ ಬೇಕೆಂದರೂ ಗಾಡಿಗೆ 50 ವರ್ಷ ತುಂಬಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿರಬಾರದು.

ಯಾವ ಗಾಡಿ ಉಳಿಯುತ್ತದೆ?

ನಿಮ್ಮ ಕೈಯಲ್ಲಿ ಎರಡು ಟೈಟಲ್ (ಮಾಲೀಕತ್ವದ ಪತ್ರ) ಇರುತ್ತವೆ: ಹಳೇ ಟ್ರಕ್ಕಿನದು, ಎಸ್-10ನದು. ಕೆಲಸ ಮುಗಿದಾಗ ರಸ್ತೆಯಲ್ಲಿರುವುದು ಒಂದೇ ಗಾಡಿ. ಅದು ಕಾನೂನಿನ ಲೆಕ್ಕದಲ್ಲಿ ಯಾವುದು ಎಂಬುದನ್ನು ನಿಮ್ಮ ರಾಜ್ಯದ ಡಿಎಂವಿ (ವಾಹನ ನೋಂದಣಿ ಇಲಾಖೆ) ತೀರ್ಮಾನಿಸುತ್ತದೆ, ನೀವಲ್ಲ. ಕೆಲವು ರಾಜ್ಯಗಳು ಚಾಸಿಯನ್ನೇ ಗಾಡಿ ಎನ್ನುತ್ತವೆ, ಕೆಲವು ಬಾಡಿಯನ್ನು. ಇನ್ನು ಕೆಲವು ಇದನ್ನು ಎರಡೂ ಅಲ್ಲದ ಹೊಸ ಗಾಡಿಯೆಂದು ಪರಿಗಣಿಸಿ ‘ರೀಕನ್‌ಸ್ಟ್ರಕ್ಟೆಡ್’, ‘ಅಸೆಂಬಲ್ಡ್’ ಅಥವಾ ‘ಸ್ಪೆಷಲಿ ಕನ್‌ಸ್ಟ್ರಕ್ಟೆಡ್’ ಎಂಬ ವರ್ಗಕ್ಕೆ ಹಾಕಿ ಹೊಸ ವಿನ್ (ಗಾಡಿಯ ಗುರುತಿನ) ನಂಬರ್ ಕೊಡುತ್ತವೆ. ಏನನ್ನೂ ಕತ್ತರಿಸುವ ಮೊದಲು ಡಿಎಂವಿಗೆ ಬರಹದಲ್ಲಿ ಪ್ರಶ್ನೆ ಕಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಕೌಂಟರಿನಲ್ಲಿ ಕೂತವರ ಬಾಯಿಮಾತು ಮುಂದಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ಆಟೊ ಬಿಡಿಭಾಗ ಉದ್ಯಮದ ಸಂಘಟನೆಯಾದ ಸೆಮಾ ರೂಪಿಸಿದ ಮಾದರಿ ಕಾನೂನನ್ನು ಹಲವು ರಾಜ್ಯಗಳು ಒಪ್ಪಿಕೊಂಡಿವೆ. ಅದರ ಪ್ರಕಾರ 1948ರವರೆಗಿನ ಮಾದರಿ ಮಾರ್ಪಾಡಾದರೆ ‘ಸ್ಟ್ರೀಟ್ ರಾಡ್’. 1949 ಅಥವಾ ನಂತರದ್ದು, 25 ವರ್ಷ ತುಂಬಿದ್ದರೆ ‘ಕಸ್ಟಮ್ ವೆಹಿಕಲ್’. ನೋಡಲು ಅವಳಿಜವಳಿಯಂತಿರುವ 1948 ಮತ್ತು 1949ರ 3100ಗಳು ಹೀಗೆ ಬೇರೆ ಬೇರೆ ವರ್ಗಕ್ಕೆ ಸೇರುತ್ತವೆ. ಕ್ಯಾಲಿಫೋರ್ನಿಯದಲ್ಲಿ ‘ಸ್ಪೆಷಲಿ ಕನ್‌ಸ್ಟ್ರಕ್ಟೆಡ್’ ವರ್ಗಕ್ಕೆ ಬಂದರೆ ಆರ್‌ಇಜಿ 5036 ಫಾರ್ಮ್ ತುಂಬಬೇಕು, ಹೈವೇ ಗಸ್ತು ಪೊಲೀಸರ ಪರಿಶೀಲನೆಯೂ ಆಗಬೇಕು. ಹೊಗೆ ನಿಯಮ ಯಾವ ವರ್ಷದ್ದು ಅನ್ವಯಿಸಬೇಕೆಂದು ಬಾಡಿ ಅಥವಾ ಎಂಜಿನ್ ನೋಡಿ ಆರಿಸಿಕೊಳ್ಳುವ ಸವಲತ್ತು ವರ್ಷಕ್ಕೆ ಮೊದಲ 500 ಗಾಡಿಗಳಿಗೆ ಮಾತ್ರ. ಆದ್ದರಿಂದ ಅರ್ಜಿಯನ್ನು ಡಿಸೆಂಬರಿನಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ.

3100ರ ನಂಬರ್ ಇರುವ ಲೋಹದ ಪಟ್ಟಿ ಚಾಲಕನ ಕಡೆಯ ಬಾಗಿಲಿನ ಕಂಬದಲ್ಲಿರುತ್ತದೆ. ಅದನ್ನು ಓದಲು ಕಲಿಯಿರಿ. ‘5 ಜೆಪಿ ಸಿ’ ಎಂದು ಶುರುವಾದರೆ 5 ಎಂದರೆ ಕನ್ಸಾಸ್ ಸಿಟಿ ಕಾರ್ಖಾನೆ, ಜೆಪಿ ಎಂದರೆ 1951ರ 3100, ಸಿ ಎಂದರೆ ಮಾರ್ಚ್ ತಿಂಗಳು. ಮುಂದಿನದು ಕ್ರಮಸಂಖ್ಯೆ. ಟೈಟಲ್ ಕಾಗದದಲ್ಲಿ ಈ ನಂಬರ್ ಇಲ್ಲದೆ ಬೇರೇನೋ ಇದ್ದರೆ ಗಾಬರಿ ಬೇಡ. ಆ ಕಾಲದಲ್ಲಿ ಎಷ್ಟೋ ರಾಜ್ಯಗಳು ಎಂಜಿನ್ ನಂಬರಿನ ಮೇಲೆ ಟೈಟಲ್ ಕೊಡುತ್ತಿದ್ದವು. ಆದರೆ ಆ ಎಂಜಿನ್ನನ್ನು ಗುಜರಿಗೆ ಹಾಕುವ ಮೊದಲೇ ಟೈಟಲನ್ನು ಪಟ್ಟಿಯ ನಂಬರಿಗೆ ತಿದ್ದಿಸಿಕೊಳ್ಳಿ. ಎಂಜಿನ್ ಹೋದ ಮೇಲೆ ಆ ಕಾಗದಕ್ಕೆ ಆಧಾರವೇ ಇರುವುದಿಲ್ಲ.

ಪಟ್ಟಿಯನ್ನು ಕಿತ್ತು ಪಾಲಿಶ್ ಮಾಡಿ ಮತ್ತೆ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಮುಟ್ಟಬೇಡಿ. ಗುರುತಿನ ಸಂಖ್ಯೆಯನ್ನು ತೆಗೆಯುವುದು, ಬದಲಿಸುವುದು ಫೆಡರಲ್ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು ತರಬಲ್ಲ ಅಪರಾಧ. ರಾಜ್ಯದ ಕಾನೂನಿನ ಪ್ರಕಾರ ಮರುಸ್ಥಾಪಿಸುವವರಿಗಷ್ಟೇ ವಿನಾಯಿತಿ. ಬಾಗಿಲ ಕಂಬವೇ ತುಕ್ಕು ತಿಂದು ಹೋಗಿದ್ದರೆ ಪಟ್ಟಿ ಇದ್ದ ಹಾಗೆಯೇ ಫೋಟೊ ತೆಗೆದು, ಅಧಿಕಾರಿಯನ್ನು ಕರೆಸಿ, ಅನುಮತಿ ಪಡೆದ ಮೇಲೆ ಕೈಹಾಕಿ. ಎಸ್-10ನ ಡ್ಯಾಶ್‌ಬೋರ್ಡಿನ ವಿನ್ ಪಟ್ಟಿಗೂ ಚಾಸಿಯ ಮೇಲೆ ಕೊರೆದ ನಂಬರಿಗೂ ಇದೇ ಮಾತು. ಪರಿಶೀಲನೆಗೆ ಬರುವವರು ಮೊದಲು ಹುಡುಕುವುದು ಚಾಸಿಯ ನಂಬರನ್ನೇ. ಅದರ ಮೇಲೆ ದಪ್ಪ ಪೌಡರ್ ಕೋಟಿಂಗ್ ಹೊಡೆಸಿದರೆ ಮರೆಮಾಚಿದ ಹಾಗೆ ಕಾಣುತ್ತದೆ.

ದಾನಿ ಗಾಡಿ (ಚಾಸಿ ಕೊಡುವ ಎಸ್-10) ಕೊಳ್ಳುವಾಗ ವಿನ್ ನಂಬರಿನ ಇತಿಹಾಸ ತೆಗೆಸಿ. ಸಾಲ ಬಾಕಿ ಇದೆಯೇ, ‘ಭಾಗಗಳಿಗೆ ಮಾತ್ರ’ ಎಂಬ ಮುದ್ರೆ ಬಿದ್ದಿದೆಯೇ ನೋಡಿ. ಟೈಟಲ್ ಇಲ್ಲದ ಅಗ್ಗದ ಚಾಸಿ ಯಾವತ್ತೂ ಅಗ್ಗವಲ್ಲ. ಹಳೇ ಟ್ರಕ್ಕಿಗೆ ಟೈಟಲ್ ಇಲ್ಲದಿದ್ದರೆ ಬಾಂಡೆಡ್ ಟೈಟಲಿನ (ಖಾತರಿ ಬಾಂಡ್ ಕೊಟ್ಟು ಪಡೆಯುವ ಟೈಟಲ್) ದಾರಿ ಹಲವು ರಾಜ್ಯಗಳಲ್ಲಿದೆ. ವರ್ಮಾಂಟ್ ರಾಜ್ಯದಿಂದ ಅಂಚೆಯಲ್ಲಿ ರಿಜಿಸ್ಟ್ರೇಷನ್ ತರಿಸುವ ಹಳೇ ಉಪಾಯ 2023ರ ಬಿಗಿ ನಿಯಮದ ನಂತರ ಹೊರಗಿನವರಿಗೆ ಕೈಗೆಟುಕುವುದಿಲ್ಲ.

ದಾನಿ ಚಾಸಿಯ ಆಯ್ಕೆ

3100ರ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 116 ಇಂಚು. ಎಸ್-10ನಲ್ಲಿ ಮೂರು ಅಳತೆ: ಗಿಡ್ಡ ಬೆಡ್ (ಹಿಂದಿನ ಸರಕಿನ ಜಾಗ) 108.3, ಉದ್ದ ಬೆಡ್ 117.9, ಎಕ್ಸ್‌ಟೆಂಡೆಡ್ ಕ್ಯಾಬ್ 122.9. ಗಿಡ್ಡದ್ದನ್ನು ಮರೆತುಬಿಡಿ. ಎಕ್ಸ್‌ಟೆಂಡೆಡ್ ಕ್ಯಾಬ್ ಎಲ್ಲೆಡೆ ಸಿಗುತ್ತದೆ, ಆದರೆ 6.9 ಇಂಚು ಕತ್ತರಿಸಿ ಬೆಸೆಯಬೇಕು. ಉದ್ದ ಬೆಡ್ಡಿನದು ಸಿಕ್ಕರೆ ಬಿಡಬೇಡಿ: ಬರೀ 1.9 ಇಂಚು ವ್ಯತ್ಯಾಸ. ಲೀಫ್ ಸ್ಪ್ರಿಂಗಿನ ಹ್ಯಾಂಗರ್‌ಗಳನ್ನು ಅಷ್ಟು ಮುಂದಕ್ಕೆ ಸರಿಸಿ, ಪ್ರೊಪೆಲ್ಲರ್ ಶಾಫ್ಟ್ ಮೋಟು ಮಾಡಿಸಿದರೆ ಚಾಸಿ ಕತ್ತರಿಸುವ ಗೋಜೇ ಇಲ್ಲ. ಟೂ ವೀಲ್ ಡ್ರೈವನ್ನೇ ತೆಗೆದುಕೊಳ್ಳಿ. ಎಂಜಿನ್ 4.3 ಲೀಟರ್ ವಿ6 ಆಗಿದ್ದು ವೈರಿಂಗ್ ಕಟ್ಟು ಪೂರ್ತಿ ಇದ್ದರೆ ಅರ್ಧ ತಲೆನೋವು ಕಳೆದಂತೆ. ವಿ8 ಹಾಕುವವರಿಗೆ ಇದರ 7.5 ಇಂಚಿನ ಹಿಂದಿನ ಆಕ್ಸಲ್ ತಾಳುವುದಿಲ್ಲ, ಅದನ್ನೂ ಬದಲಿಸಬೇಕಾಗುತ್ತದೆ.

ಕ್ಯಾಬ್ ಎತ್ತುವುದು, ಕೂರಿಸುವುದು

ಬಿಚ್ಚುವ ಮೊದಲು ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರದ ನಡುವಿನಿಂದ ಕ್ಯಾಬಿನ ಮೊದಲ ಬೋಲ್ಟಿಗೆ, ಫೈರ್‌ವಾಲಿಗೆ (ಎಂಜಿನ್ ಮತ್ತು ಕ್ಯಾಬಿನ ನಡುವಿನ ತಗಡಿನ ಗೋಡೆ), ಹಿಂದಿನ ಮಡ್‌ಗಾರ್ಡಿನ ಕಮಾನಿನ ನಡುವಿಗೆ, ಫುಟ್‌ಬೋರ್ಡಿನಿಂದ ನೆಲಕ್ಕೆ ಎಷ್ಟೆಷ್ಟಿದೆ ಎಂದು ಎರಡೂ ಬದಿ ಅಳೆಯಿರಿ. ತೂಗುಗುಂಡು ಇಳಿಬಿಟ್ಟು ಬಿಂದುಗಳನ್ನು ನೆಲದ ಮೇಲೇ ಗುರುತಿಸಿದರೆ ಮುಂದೆ ಟೇಪು ಹಿಡಿದು ಪರದಾಡುವುದು ತಪ್ಪುತ್ತದೆ.

ಬಾಗಿಲುಗಳನ್ನು ಹಾಕಿ, ಸುತ್ತಲಿನ ಸಂದು ಸರಿಮಾಡಿ, ಆಮೇಲೆ ಕ್ಯಾಬಿನ ಒಳಗೆ ಬಾಗಿಲ ಚೌಕಟ್ಟಿಗೆ ಉದ್ದಕ್ಕೂ ಅಡ್ಡಕ್ಕೂ 1 ಇಂಚಿನ ಚೌಕ ಪೈಪ್ ಬೆಸೆಯಿರಿ. ಈ ಕ್ಯಾಬುಗಳು ಹಿಂದಿನ ಮೂಲೆಗಳಲ್ಲಿ, ಕಾಲಿಡುವ ಹಲಗೆಯ ಬುಡದಲ್ಲಿ ತುಕ್ಕು ಹಿಡಿದಿರುತ್ತವೆ. ಆಧಾರವಿಲ್ಲದೆ ಎತ್ತಿದರೆ ನೆಲ ಜಗ್ಗಿ ಬಾಗಿಲು ಮತ್ತೆ ಮುಚ್ಚುವುದೇ ಇಲ್ಲ. ನೆಲದ ತಗಡು ಬದಲಿಸುವುದಿದ್ದರೂ ಪೈಪು ಬೆಸೆದ ನಂತರವೇ. ಎಸ್-10 ಬಿಚ್ಚುವಾಗ ಏಸಿ ಗ್ಯಾಸನ್ನು ಗಾಳಿಗೆ ಬಿಡುವಂತಿಲ್ಲ, ಅಂಗಡಿಯಲ್ಲಿ ತೆಗೆಸಬೇಕು.

ಬೋಳಾದ ಎಸ್-10 ಚಾಸಿ ಸ್ಪ್ರಿಂಗ್ ಮೇಲೆ ಎತ್ತರಕ್ಕೆ ನಿಗುರಿ ನಿಲ್ಲುತ್ತದೆ. ಆ ಎತ್ತರಕ್ಕೆ ಕ್ಯಾಬ್ ಹೊಂದಿಸಿದರೆ ಎಂಜಿನ್ನಿನ ಭಾರ ಬಿದ್ದಾಗ ಮುಂಭಾಗ ಕುಸಿದು ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತದೆ. ಎಂಜಿನ್, ಗೇರ್‌ಬಾಕ್ಸ್ ಕೂರಿಸಿಯೇ ಅಳತೆ ಮಾಡಿ. ಇಲ್ಲವೇ ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಓಡುವ ಎತ್ತರಕ್ಕೆ ತಕ್ಕ ಕಬ್ಬಿಣದ ಪಟ್ಟಿ ಬಿಗಿಯಿರಿ. ಹಳೇ ಕ್ಯಾಬ್ ಮೌಂಟುಗಳನ್ನು ಕೊಯ್ದು ನುಣುಪು ಮಾಡಿ, ಕ್ಯಾಬನ್ನು ಮರದ ತುಂಡುಗಳ ಮೇಲೆ ಇಟ್ಟು, ರಸಮಟ್ಟ ಹಿಡಿದು ಹೊಂದಿಸಿ. ಮುಂದಿನ ಮಡ್‌ಗಾರ್ಡ್, ಗ್ರಿಲ್, ಬಾನೆಟ್, ಹಿಂದಿನ ಬೆಡ್ ಎಲ್ಲವನ್ನೂ ತಾತ್ಕಾಲಿಕವಾಗಿ ಜೋಡಿಸಿ, ನಾಲ್ಕೂ ಚಕ್ರ ಹಾಕಿ ದೂರ ನಿಂತು ನೋಡಿ. ಬರೀ ಕ್ಯಾಬ್ ನೋಡಿಕೊಂಡು ಮೌಂಟ್ ಬೆಸೆದವರಿಗೆ ಮುಂದಿನ ಚಕ್ರ ಮಡ್‌ಗಾರ್ಡಿನ ಕಮಾನಿನಲ್ಲಿ ಒಂದಿಂಚು ಹಿಂದೆಯೋ ಮುಂದೆಯೋ ಕಾಣುತ್ತದೆ, ಅದು ಯಾವ ಪೇಂಟಿಗೂ ಮುಚ್ಚುವುದಿಲ್ಲ. ಎಲ್ಲ ಸರಿ ಎನಿಸಿದ ಮೇಲೆ 3/16 ಇಂಚಿನ ತಗಡಿನಲ್ಲಿ ಮೌಂಟ್ ಮಾಡಿ, ರಬ್ಬರ್ ಬುಷ್ ಇಟ್ಟು ಬೋಲ್ಟ್ ಮಾಡಿ. ಕ್ಯಾಬನ್ನು ನೇರವಾಗಿ ಚಾಸಿಗೆ ಬೆಸೆದರೆ ಕೆಲವೇ ತಿಂಗಳಲ್ಲಿ ತಗಡು ಸೀಳುತ್ತದೆ.

ಚಾಸಿ ಕತ್ತರಿಸಲೇಬೇಕಾದರೆ ಕ್ಯಾಬಿನ ಹಿಂದಿನ ನೇರ ಭಾಗದಲ್ಲಿ, ಮೆಟ್ಟಿಲಿನಾಕಾರದಲ್ಲಿ ಕತ್ತರಿಸಿ. ನೇರ ಲಂಬವಾಗಿ ಕತ್ತರಿಸಿದರೆ ಇಡೀ ಒತ್ತಡ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅಂಚು ಇಳಿಜಾರು ಮಾಡಿ, ಇಆರ್70ಎಸ್-6 ತಂತಿಯಲ್ಲಿ, ಮುಕ್ಕಾಲು ಆರ್ಗಾನ್ ಕಾಲು ಇಂಗಾಲದ ಡೈಆಕ್ಸೈಡ್ ಗ್ಯಾಸಿನಲ್ಲಿ, ಒಮ್ಮೆಗೆ ಒಂದೂವರೆ ಇಂಚಿನಷ್ಟು ಮಾತ್ರ ಹೊಲಿದು ಬದಿ ಬದಲಿಸುತ್ತ ಹೋಗಿ. ಒಳಗಡೆ ಬಲವರ್ಧನೆಯ ತಗಡು ಕೊಡಿ, ಅದರ ತುದಿ ಚೂಪಾಗಿ ಇಳಿಯಲಿ. ಕರ್ಣದ ಅಳತೆಗಳಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲೇ ನಿಲ್ಲಿಸಿ. ವೆಲ್ಡಿಂಗಿಗೆ ಮುನ್ನ ಬ್ಯಾಟರಿ ಮತ್ತು ಎಂಜಿನ್ ಕಂಪ್ಯೂಟರ್ ಕಳಚಿಡಿ. ವೆಲ್ಡಿಂಗ್‌ನಲ್ಲಿ ಕೈ ಪಳಗಿಲ್ಲದಿದ್ದರೆ ಇದೊಂದು ಕೆಲಸವನ್ನು ಪ್ರಮಾಣೀಕೃತ ವೆಲ್ಡರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ, ಪರಿಶೀಲನೆಯಲ್ಲಿ ಅದಕ್ಕೆ ತೂಕವಿದೆ.

ಕಾಟ ಕೊಡುವ ಜಾಗಗಳು

ಎಸ್-10 ಆಕ್ಸಲುಗಳು 3100ರ ಅಗಲಕ್ಕೆ ಕಡಿಮೆ ಬೀಳುತ್ತವೆ. ಚಕ್ರಗಳು ಮಡ್‌ಗಾರ್ಡಿನೊಳಗೆ ಹುದುಗಿ ಕಾಣುತ್ತವೆ. ಹೊರಚಾಚಿದ ವೀಲ್ ಹಾಕಿ, ಅಥವಾ 5 ಬೋಲ್ಟ್, 4.75 ಇಂಚು ಅಳತೆಯ, ಹಬ್ಬಿಗೆ ಸರಿಯಾಗಿ ಕೂರುವ ಸ್ಪೇಸರ್ ಹಾಕಿ. ನಟ್‌ಗಳನ್ನು 100 ಪೌಂಡ್-ಅಡಿಗೆ ಬಿಗಿದು, 50 ಮೈಲಿ ಓಡಿಸಿ ಮತ್ತೆ ಬಿಗಿಯಬೇಕು.

ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಹಳೇ ಟ್ರಕ್ಕಿನಂತೆ ಪೆಡಲಿನ ಕೆಳಗೆ, ನೆಲದಡಿ ಇಟ್ಟರೆ ಆಯಿಲ್ ಕ್ಯಾಲಿಪರಿನಿಂದ ಹಿಂದಕ್ಕೆ ಜಾರುತ್ತದೆ, ಮೊದಲ ಒತ್ತಿಗೆ ಪೆಡಲ್ ಪಾತಾಳಕ್ಕಿಳಿಯುತ್ತದೆ. ಡಿಸ್ಕ್ ಲೈನಿಗೆ 2 ಪಿಎಸ್‌ಐ, ಡ್ರಮ್ ಲೈನಿಗೆ 10 ಪಿಎಸ್‌ಐ ರೆಸಿಡುಯಲ್ ವಾಲ್ವ್ (ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಹಾಕುವುದೇ ಮದ್ದು. ಎರಡನ್ನೂ ಅದಲುಬದಲು ಮಾಡಿದರೆ ಡಿಸ್ಕ್ ಬಿಡದೆ ಹಿಡಿದುಕೊಂಡು ಕಾಯುತ್ತದೆ.

ಸ್ಟೀರಿಂಗ್ ಶಾಫ್ಟಿಗೆ ಎರಡಕ್ಕಿಂತ ಹೆಚ್ಚು ಜಾಯಿಂಟ್ ಬಂದರೆ ನಡುವೆ ಆಧಾರದ ಬೇರಿಂಗ್ ಬೇಕೇ ಬೇಕು. ಇಗ್ನಿಷನ್ ಬದಲಿಸಿದ ಮೇಲೆ ಎಂಜಿನ್ ಒಂದು ಕ್ಷಣ ಹತ್ತಿ ಆರಿಹೋದರೆ ಪೆಟ್ರೋಲ್ ಪಂಪನ್ನು ಬಯ್ಯಬೇಡಿ: ಕೊನೆಯ ವರ್ಷಗಳ ಎಸ್-10ಗಳಲ್ಲಿರುವ ಕಳ್ಳತನ ತಡೆ ವ್ಯವಸ್ಥೆ ಹೊಸ ಇಗ್ನಿಷನ್ ಲಾಕನ್ನು ಗುರುತಿಸುತ್ತಿಲ್ಲ. ಟ್ಯೂನಿಂಗ್ ಮಾಡುವವರಿಂದ ಕಂಪ್ಯೂಟರಿನಲ್ಲೇ ಅದನ್ನು ತೆಗೆಸಬೇಕು. ಹಳೇ ಮೀಟರುಗಳು 6 ವೋಲ್ಟಿನವು. ಪೆಟ್ರೋಲ್ ಮೀಟರ್ 0–30 ಓಮ್ ಸೆಂಡರಿಗೆ (ಟ್ಯಾಂಕಿನಲ್ಲಿ ಮಟ್ಟ ಅಳೆಯುವ ಭಾಗ) ಲೆಕ್ಕ ಹಾಕಿದ್ದು, ಎಸ್-10 ಟ್ಯಾಂಕಿನ ಸೆಂಡರ್ ಬೇರೆ. ಜೋಡಿ ಹೊಂದದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. 1949ರಿಂದ ಈಚಿನ ಗಾಡಿಗಳಲ್ಲಿ ಸೀಟಿನ ಹಿಂದೆ ಕ್ಯಾಬಿನೊಳಗೇ ಇರುವ ಟ್ಯಾಂಕನ್ನು ತೆಗೆದುಹಾಕಿ, ಎಸ್-10ನದನ್ನೇ ಬಳಸಿ. ಕ್ಯಾಬ್ ಈಗ ರಬ್ಬರಿನ ಮೇಲೆ ಕೂತಿರುವುದರಿಂದ ಎಂಜಿನ್ನಿನಿಂದ ಕ್ಯಾಬಿಗೆ, ಕ್ಯಾಬಿನಿಂದ ಚಾಸಿಗೆ ದಪ್ಪ ಅರ್ಥಿಂಗ್ ಪಟ್ಟಿ ಹಾಕದಿದ್ದರೆ ಲೈಟು ಮಿಣುಕುತ್ತದೆ.

ಪರಿಶೀಲನೆಯ ದಿನ

ಗಾಡಿಯನ್ನು ಟ್ರೇಲರಿನಲ್ಲೇ ಒಯ್ಯಿರಿ. ಎಸ್-10ನ ನಂಬರ್ ಪ್ಲೇಟ್ ಸಿಕ್ಕಿಸಿಕೊಂಡು ಓಡಿಸಿದರೆ ಬೇರೆ ಗಾಡಿಯ ಪ್ಲೇಟ್ ಹಾಕಿದ ಕೇಸೇ ಆಗುತ್ತದೆ. ಎರಡೂ ಟೈಟಲ್, ಎರಡೂ ಖರೀದಿ ಪತ್ರ, ಎಂಜಿನ್ ಬೇರೆಡೆಯಿಂದ ತಂದಿದ್ದರೆ ಅದರ ರಸೀದಿ, ಡಿಎಂವಿಯ ಉತ್ತರ, ಹಂತಹಂತದ ಫೋಟೊಗಳು ಒಂದೇ ಫೈಲಿನಲ್ಲಿರಲಿ. ಚಾಸಿ ನಂಬರಿನ ಮೇಲಿನ ಕೊಳೆ ಒರೆಸಿ, ಅದು ಎಲ್ಲಿದೆಯೆಂದು ನೀವೇ ಟಾರ್ಚ್ ಹಿಡಿದು ತೋರಿಸಿ. ಮೂಲ ಗಾಡಿಗೆ ಹಿಂದೆ ಎಡಗಡೆ ಒಂದೇ ದೀಪವಿತ್ತು, ಬಲಕ್ಕೂ ಒಂದು ಹಾಕಿ ಬ್ರೇಕ್ ಲೈಟ್, ಇಂಡಿಕೇಟರ್ ಕೊಟ್ಟಿರಿ. ವಿಮೆಯವರಿಗೆ ಚಾಸಿ ಬದಲಾಗಿರುವುದನ್ನು ಬರಹದಲ್ಲಿ ತಿಳಿಸಿ ‘ಅಗ್ರೀಡ್ ವ್ಯಾಲ್ಯೂ’ (ಮೊದಲೇ ಒಪ್ಪಿದ ಬೆಲೆಯ) ಪಾಲಿಸಿ ಮಾಡಿಸಿ. ಹೊಸ ಟೈಟಲ್ ಕೈಗೆ ಬರುವವರೆಗೆ ಎಸ್-10ನ ಉಳಿದ ಬಾಡಿಯನ್ನು, ಮುಖ್ಯವಾಗಿ ಅದರ ಡ್ಯಾಶ್‌ಬೋರ್ಡನ್ನು, ಗುಜರಿಗೆ ಕೊಡಬೇಡಿ.