ಸೀರೀಸ್ 6 ಬಿಸಾಕಲಿಲ್ಲ, ಬ್ಯಾಟರಿ ಬದಲಿಸಿದೆ

ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಮಾಡ್ತಾ ಹನ್ನೆರಡು ವರ್ಷ ಆಯ್ತು. ವಾಚ್ ಮಾತ್ರ ಬಿಚ್ಚಿರಲಿಲ್ಲ. ನನ್ನ ಆಪಲ್ ವಾಚ್ ಸೀರೀಸ್ 6 ಮಧ್ಯಾಹ್ನ ಮೂರಕ್ಕೇ ಮಲಗೋಕೆ ಶುರುವಾಯ್ತು. ಬ್ಯಾಟರಿ ಹೆಲ್ತ್ ನೋಡಿದರೆ 74 ಪರ್ಸೆಂಟ್.

"ಸುಮ್ನೆ ಹೊಸದು ತಗೊಳ್ಳೋ, ಬಿಚ್ಚಿ ಹಾಳು ಮಾಡ್ಕೋಬೇಡ" ಅಂದರು ಭಾವ. ಹೊಸದಕ್ಕೆ 45 ಸಾವಿರದ ಮೇಲೆ. ಯಾರು ಕೊಡ್ತಾರೆ?

ಭಾವನ ಸೀರೀಸ್ 10 ಒಂದು ಭಾನುವಾರಕ್ಕೆ ಇಸ್ಕೊಂಡೆ. ಎರಡು ಕೈಗೂ ವಾಚ್ ಕಟ್ಟಿಕೊಂಡು ಕುಂದವಾಡ ಕೆರೆ ಏರಿ ಮೇಲೆ ನಡೆದೆ. ಜನ ನೋಡಿ ನಕ್ಕರು. ಬಾಯಲ್ಲಿ ಎಣಿಸಿ ಸಾವಿರ ಹೆಜ್ಜೆ ಹಾಕಿದರೆ ಹಳೇದು 990ರ ಆಸುಪಾಸು, ಹೊಸದು ಸಾವಿರದ ಮೇಲೆ ನಾಲ್ಕೋ ಐದೋ. ಇದಕ್ಕೆ 45 ಸಾವಿರನಾ? ಹೊಸದು ಬೇಗ ಚಾರ್ಜ್ ಆಗುತ್ತೆ, ಅದಕ್ಕೆ ಮಾತ್ರ ಹೊಟ್ಟೆ ಉರೀತು. ಬಿಪಿ ಎಚ್ಚರಿಕೆ ಸೀರೀಸ್ 9ರಿಂದ ಮೇಲಕ್ಕಷ್ಟೇ. ನನಗೆ ಬಿಪಿ ಇರೋದು ಗೊತ್ತೇ ಇದೆ, ಮಿಷನ್ ಮನೇಲಿದೆ. ವಾಚಿನ ಸಾಫ್ಟ್‌ವೇರ್ ವಾಚ್‌ಓಎಸ್ 26 ಸೀರೀಸ್ 6ಕ್ಕೂ ಬಂದಿದೆ. ಅಲ್ಲಿಗೆ ತೀರ್ಮಾನ ಆಯ್ತು.

ಮೊದಲು ಕೈ ಪಳಗಿಸೋಕೆ ಕೆಟ್ಟುಹೋದ ಒಂದು ಸೀರೀಸ್ 4 ಅನ್ನು 600ಕ್ಕೆ ತಂದೆ. ಗಾಜಿನ ಅಂಟು ಮೆತ್ತಗಾಗೋಕೆ ಕೊಟ್ಟ ಬಿಸಿ ಕಮ್ಮಿಯಾಗಿ ಗಾಜಿನ ಮೂಲೆ ಒಡೀತು. ಹಠಕ್ಕೆ ಬಿದ್ದು ಬ್ಲೇಡ್ ಒಳಗೆ ತಳ್ಳಿದೆ, ಡಿಸ್ಪ್ಲೇಗೆ ಹೋಗೋ ತೆಳು ಕೇಬಲ್ (ಫ್ಲೆಕ್ಸ್) ಕಟ್. ನನ್ನ ವಾಚಿನ ಗಾಜು ಮಾತ್ರ ಕೂದಲೆಳೆ ಗೀರೂ ಇಲ್ಲದೆ ಎದ್ದಿತು. ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಮೋಸ ಹೋಗಿದ್ದು ಬ್ಯಾಟರಿಯಲ್ಲಿ. ಮೊದಲನೇದು 700 ರೂಪಾಯಿ. ಎರಡು ವಾರಕ್ಕೆ ಉಬ್ಬಿ ಗಾಜನ್ನೇ ಮೇಲೆತ್ತಿತು. ಸ್ಟಿಕ್ಕರ್ ಕಿತ್ತರೆ ಕೆಳಗೆ ಇನ್ನೊಂದು ಸ್ಟಿಕ್ಕರ್! ಹಳೇ ಸೆಲ್‌ಗೆ ಹೊಸ ಅಂಗಿ. ನನ್ನ 44 ಎಂಎಂ ವಾಚಿನ ಬ್ಯಾಟರಿಗೆ ಇರಬೇಕಾದ ಸಾಮರ್ಥ್ಯ 303.8 ಎಂಎಎಚ್. ಅದರ ಮೇಲೆ 380 ಅಂತ ಬರೆದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು, ಅಲ್ವಾ? ಎರಡನೇದಕ್ಕೆ 1,400 ಕೊಟ್ಟೆ. ಅಂಟು, ಗುಜರಿ ವಾಚ್ ಎಲ್ಲ ಸೇರಿ ಮೂರು ಸಾವಿರದೊಳಗೇ ಮುಗೀತು.

ಈಗ ರಾತ್ರಿ ಹತ್ತಕ್ಕೂ 35 ಪರ್ಸೆಂಟ್ ಉಳಿದಿರುತ್ತೆ. ಒಂದು ಸಲ ಬಿಚ್ಚಿದ ವಾಚನ್ನು ನೀರಿಗೆ ನಂಬೋ ಹಾಗಿಲ್ಲ, ಸ್ನಾನಕ್ಕೆ ತೆಗೆದಿಡ್ತೀನಿ.

ಹೋದ ವಾರ ಭಾವ ಬೀರುವಿನಿಂದ ತಮ್ಮ ಹಳೇ ಸೀರೀಸ್ 4 ಹುಡುಕಿ ತಂದರು. "ಇದಕ್ಕೂ ಒಂದು ಬ್ಯಾಟರಿ ಹಾಕೋ." 2024ರಲ್ಲೇ ಅದಕ್ಕೆ ಹೊಸ ವಾಚ್‌ಓಎಸ್ ಬರೋದು ನಿಂತಿದೆ. ಚಹಾ ಕುಡಿಸಿ, ವಾಚ್ ವಾಪಸ್ ಅವರ ಜೇಬಿಗೇ ಹಾಕಿ ಕಳಿಸಿದೆ.